ಹಸಿರು ಮುಚ್ಚಳದ ಅರವತ್ತು ನಳಿಕೆಗಳು

ಹಸಿರು ಮುಚ್ಚಳದ ಡಬ್ಬಿ ಫ್ರೀಜರಿನಲ್ಲಿ ಇರಲಿಲ್ಲ. ಅದು ಕಿಟಕಿ ಪಕ್ಕದ ಮೇಜಿನ ಮೇಲಿತ್ತು—ಎರಡು ದಿನದ ರಜೆಯ ಬಿಸಿಲಿಗೆ ಮೈಯೊಡ್ಡಿಕೊಂಡು!

ಗುಬ್ಬಿ ಅದರತ್ತ ಓಡಿದಳು. ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಕಿರಿಯಳು, ಮೈಯಲ್ಲೂ ಚಿಕ್ಕವಳು. ಹಾಗಾಗಿ ಆ ಹೆಸರು. ಮುಚ್ಚಳ ತೆಗೆದಳು. ಅರವತ್ತೂ ನಳಿಕೆಗಳ ರಕ್ತ ಕೆಟ್ಟುಹೋಗಿತ್ತು.

ಮೈಯ ಕೊಬ್ಬಿನಿಂದ ಒಸರುವ ಲೆಪ್ಟಿನ್ ಎಂಬ ಹಾರ್ಮೋನಿಗೂ ಥೈರಾಯ್ಡ್ ಕ್ಯಾನ್ಸರಿಗೂ ನಂಟಿದೆಯೇ? ಆಸ್ಪತ್ರೆಯ ದೊಡ್ಡ ಡಾಕ್ಟರು ಎರಡು ವರ್ಷದಿಂದ ಹುಡುಕುತ್ತಿದ್ದದ್ದು ಅದನ್ನೇ. ಕೆಂಪು ಡಬ್ಬಿಯಲ್ಲಿ ಅರವತ್ತು ರೋಗಿಗಳ ರಕ್ತ. ಗುಬ್ಬಿಯ ಅಮ್ಮನದೂ ಅದರಲ್ಲಿತ್ತು. ಹಸಿರಿನಲ್ಲಿ ಅರವತ್ತು ಆರೋಗ್ಯವಂತರದು. ಇಲ್ಲಿ ಒಮ್ಮೆ ಪರೀಕ್ಷೆ ಮುಗಿದಿತ್ತು; ಎರಡೂ ಅಂದು ಬೆಳಗ್ಗೆ ಮರುಪರೀಕ್ಷೆಗಾಗಿ ಬೇರೆ ಊರಿಗೆ ಹೊರಡಬೇಕಿತ್ತು.

ಫ್ರೀಜರ್ ಪುಸ್ತಕದಲ್ಲಿ ಕೊನೆಯ ಸಹಿ? ಗುಬ್ಬಿಯದೇ.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ತನಿಖಾಧಿಕಾರಿ ಬಂದರು. ಕಣ್ಣಿಗೆ ಬಿದ್ದದ್ದನ್ನು ಬಿಡದ ಹೆಂಗಸು. ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ‘ಭೂತಗನ್ನಡಿ’ ಎನ್ನುತ್ತಿದ್ದರು.

“ಫ್ರೀಜರ್ ಕೊನೆಗೆ ತೆಗೆದೋಳು ನೀನೇನಾ?”

“ಹೌದು ಮೇಡಂ. ಕೆಂಪು ಡಬ್ಬಿ ಎಣಿಸಿ ಒಳಗಿಟ್ಟೆ. ಹಸಿರು ಮುಟ್ಟಲೇ ಇಲ್ಲ.”

“ಯಾರಾದ್ರೂ ನೋಡಿದ್ರಾ?”

“ಇಲ್ಲ.”

ಮೇಷ್ಟ್ರು ನಡುವೆ ಬಂದರು. ಅಲ್ಲಿಯ ಹಿರಿಯ ತಂತ್ರಜ್ಞ ಅವರು. ಗುಬ್ಬಿಗೆ ನಳಿಕೆ ಹಿಡಿಯುವುದನ್ನು ಕಲಿಸಿದವರೂ ಅವರೇ. “ಪಾಪ, ಅಮ್ಮನ ಆಪರೇಷನ್ ಆದಾಗಿಂದ ಹುಡುಗಿ ಮನಸ್ಸು ನೆಟ್ಟಗಿಲ್ಲ. ಮರೆತಿರ್ತಾಳೆ. ದೊಡ್ಡದು ಮಾಡ್ಬೇಡಿ ಮೇಡಂ.”

ನಾನೇ ಮರೆತೆನೆ? ಒಂದು ಕ್ಷಣ ಗುಬ್ಬಿಗೇ ಅನುಮಾನ ಬಂತು.

ತನಿಖಾಧಿಕಾರಿ ಫ್ರೀಜರಿನತ್ತ ತಿರುಗಿಯೂ ನೋಡಲಿಲ್ಲ. “ಮೊದಲ ಪರೀಕ್ಷೆಯ ಅಂಕಿಗಳನ್ನ ಕೊಡಿ,” ಎಂದರು. “ಯಾವ ನಳಿಕೆ ಹೆಂಗಸರದು, ಯಾವುದು ಗಂಡಸರದು, ತೂಕ ಎಷ್ಟು—ಆ ಪಟ್ಟಿನೂ ಬೇಕು.”

“ಅದು ನನ್ನ ಹತ್ರ ಮಾತ್ರ ಇದೆ,” ಎಂದರು ಲೆಕ್ಕದ ಮೇಡಂ. ಅಂಕಿಅಂಶಗಳೆಲ್ಲ ಅವರ ಪಾಲಿನ ಕೆಲಸ. “ನಾನು ಒಟ್ಟು ಸರಾಸರಿ ಅಷ್ಟೇ ನೋಡಿದ್ದೆ. ಉಳಿದದ್ದು ಮರುಪರೀಕ್ಷೆ ಆದ್ಮೇಲೆ ಅಂತ—”

ಸಂಜೆ ಡಾಕ್ಟರು, ಲೆಕ್ಕದ ಮೇಡಂ, ಮೇಷ್ಟ್ರು, ಗುಬ್ಬಿ—ನಾಲ್ವರನ್ನೂ ಕೂರಿಸಿಕೊಂಡು ತನಿಖಾಧಿಕಾರಿ ಎರಡು ಹಾಳೆ ಹರಡಿದರು.

“ಡಾಕ್ಟ್ರೇ, ಒಂದೇ ತೂಕದ ಹೆಂಗಸು, ಗಂಡಸು. ಲೆಪ್ಟಿನ್ ಯಾರಿಗೆ ಜಾಸ್ತಿ?”

“ಸಾಮಾನ್ಯವಾಗಿ ಹೆಂಗಸರಿಗೆ. ಅದು ಗೊತ್ತಿರೋದೇ ಅಲ್ವಾ?”

“ಕೆಂಪು ಡಬ್ಬಿಯಲ್ಲಿ ಹಾಗೇ ಇದೆ. ಹಸಿರಿನಲ್ಲಿ ನೋಡಿ—ಇಬ್ಬರಿಗೂ ಒಂದೇ! ತೂಕ ಹೆಚ್ಚಿದ್ರೂ ಅಷ್ಟೇ, ಕಡಿಮೆ ಇದ್ರೂ ಅಷ್ಟೇ. ಇವು ರಕ್ತದಿಂದ ಬಂದ ಅಂಕಿಗಳಲ್ಲ. ಕೂತು ಬರೆದವು.”

ತನಿಖಾಧಿಕಾರಿ ಹಾಳೆಗಳನ್ನು ಮಡಚಿದರು.

“ಡಬ್ಬಿ ಕೆಡಿಸಿದ್ದು ಮರೆವಿನಿಂದಲ್ಲ. ಮರುಪರೀಕ್ಷೆ ಆಗಿದ್ರೆ ಸುಳ್ಳು ಬಯಲಾಗ್ತಿತ್ತು. ಡಾಕ್ಟ್ರಿಗೆ ಈ ವ್ಯತ್ಯಾಸ ಗೊತ್ತು; ಸುಳ್ಳು ಬರೆದಿದ್ರೆ ಪಟ್ಟಿ ಕೇಳಿಯೇ ಬರೀತಿದ್ರು. ಲೆಕ್ಕದ ಮೇಡಂ ಕೈಯಲ್ಲಿ ಪಟ್ಟಿಯೇ ಇತ್ತು. ಬರೆದವರಿಗೆ ಮುಚ್ಚಳದ ಬಣ್ಣ ಗೊತ್ತು, ನಳಿಕೆ ಮೇಲಿನ ಸಂಖ್ಯೆ ಗೊತ್ತು; ಅದರೊಳಗಿನ ಮನುಷ್ಯರು ಯಾರೂಂತ ಗೊತ್ತಿಲ್ಲ. ಅಂಥವರು ಇಲ್ಲಿ ಇಬ್ಬರೇ. ಹಸಿರು ಡಬ್ಬಿ ಪರೀಕ್ಷೆ ನಡೀತು ಅಂತ ಬರೆದಿರೋ ವಾರ ಗುಬ್ಬಿ ಅಮ್ಮನ ಹಾಸಿಗೆ ಪಕ್ಕದಲ್ಲಿದ್ದಳು. ಅನುಮಾನ ಬಂದ ಮೇಲೆ ಯಂತ್ರವನ್ನೂ ನೋಡಿದೆ. ಆ ವಾರ ಅದರಲ್ಲಿ ಒಂದು ಪರೀಕ್ಷೆಯೂ ದಾಖಲಾಗಿಲ್ಲ. ಅಲ್ವಾ, ಮೇಷ್ಟ್ರೇ?”

ಮೇಷ್ಟ್ರ ಮುಖ ಬಿಳಿಚಿಕೊಂಡಿತು.

“ಪರೀಕ್ಷೆಯ ರಾಸಾಯನಿಕಗಳನ್ನ ಹೊರಗೇ ಮರೆತುಬಿಟ್ಟೆ. ಎಲ್ಲಾ ಕೆಟ್ಟುಹೋಯ್ತು. ಮೂವತ್ತೈದು ವರ್ಷದಲ್ಲಿ ಒಂದು ತಪ್ಪಿಲ್ಲ... ನಿವೃತ್ತಿಗೆ ಮೂರು ತಿಂಗಳಿತ್ತು. ಆರೋಗ್ಯವಂತರಲ್ಲಿ ಕಡಿಮೆ ಬರುತ್ತೆ ಅಂತ ಡಾಕ್ಟ್ರು ಹೇಳ್ತಾನೇ ಇದ್ರು. ಕಡಿಮೆ ಬರೆದೆ. ಮರುಪರೀಕ್ಷೆ ಅಂದಾಗ ಹೆದರಿ, ಪುಸ್ತಕದಲ್ಲಿ ಸಹಿ ಹಾಕದೆ ಡಬ್ಬಿ ಹೊರಗಿಟ್ಟೆ.”

“ಸಾರ್,” ಎಂದಳು ಗುಬ್ಬಿ. ದನಿ ನಡುಗಲಿಲ್ಲ. “ಹೇಳಿದ್ರೆ ಇಬ್ಬರೂ ಸೇರಿ ಮತ್ತೆ ಮಾಡ್ತಿದ್ವಿ. ನನ್ನ ಹೆಸರು ಬಂದಾಗ ಯಾಕೆ ಹಾಗಂದ್ರಿ?”

ಮೇಷ್ಟ್ರು ಬಿಳಿ ಕೋಟು ಕಳಚಿ ಕುರ್ಚಿಯ ಮೇಲಿಟ್ಟು, ತಪ್ಪೊಪ್ಪಿಗೆ ಬರೆಯಲು ಹಾಳೆ ಕೇಳಿದರು.

ದೊಡ್ಡ ಡಾಕ್ಟರು ಗುಬ್ಬಿಯ ಕ್ಷಮೆ ಕೇಳಿದರು, ಎಲ್ಲರ ಎದುರಿಗೇ. ಆರೋಗ್ಯವಂತರನ್ನು ಮತ್ತೆ ಕರೆಸಿದರು; ಯಾವುದು ಯಾರ ರಕ್ತವೆಂದು ಪರೀಕ್ಷಿಸುವವರಿಗೆ ತಿಳಿಯದಂತೆ, ಈ ಸಲ ಎರಡೂ ಗುಂಪಿನ ಮುಚ್ಚಳಗಳಿಗೆ ಒಂದೇ ಬಣ್ಣ. ಎರಡು ತಿಂಗಳ ಮೇಲೆ ಅಂಕಿಗಳು ಬಂದವು. ಎರಡು ಗುಂಪಿನ ನಡುವೆ ಅಂತರ ಇತ್ತು, ಆದರೆ ಮೇಷ್ಟ್ರು ಬರೆದದ್ದರ ಅರ್ಧವೂ ಇರಲಿಲ್ಲ. ನಂಟು ಇದ್ದೀತು, ಕಾರಣವೆನ್ನಲು ಪುರಾವೆ ಸಾಲದು—ವರದಿಯಲ್ಲಿ ಡಾಕ್ಟರು ಬರೆದದ್ದು ಅಷ್ಟೇ.

ಅದರ ಕೆಳಗೆ, ಪರೀಕ್ಷೆ ಮಾಡಿದವರು ಎಂಬಲ್ಲಿ, ಗುಬ್ಬಿ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.