ಮೂರನೇ ಬೆಲ್ ಆದಮೇಲೆ

"ನಿನ್ನಂಥವನಿಗೆ ನಾಟಕ ಯಾಕೋ? ಹೋಗಿ ಸರ್ಕಸ್ಸಿಗೆ ಸೇರ್ಕೋ. ಮಂಗಗಳ ಜೊತೆ ಜೋಕಾಲಿ ಆಡ್ಕೊಂಡಿರಬಹುದು."

ತುರ್ಸ್ಕಾ ಮೇಡಂ ಈ ಮಾತು ಅಂದದ್ದು ಇಡೀ ಐದನೇ ಕ್ಲಾಸಿನ ಎದುರಿಗೆ. ಕ್ಲಾಸು ಘೊಳ್ಳೆಂದು ನಕ್ಕಿತು. ಸೆವೆರಿನ್ ನೆಲದ ಮೇಲೆ ಕೂತಿದ್ದ. ಅವನ ಕುರ್ಚಿ ಒಂದು ಕಾಲು ಮುರಿದುಕೊಂಡು ಪಕ್ಕದಲ್ಲೇ ಅಂಗಾತ ಬಿದ್ದಿತ್ತು.

ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ತೂಗುವುದು ಅವನ ಚಾಳಿ. ಅವನೊಬ್ಬನದೇ ಏನಲ್ಲ, ಅರ್ಧ ಕ್ಲಾಸಿನ ಚಾಳಿ. ಆದರೆ ಬೀಳುವವನು ಮಾತ್ರ ಯಾವಾಗಲೂ ಅವನೇ.

"ಒಂದು ಪೀರಿಯಡ್ ನೆಟ್ಟಗೆ ಕೂರೋಕಾಗಲ್ಲ, ಎರಡು ಗಂಟೆ ನಾಟಕ ನೋಡ್ತಾನಂತೆ. ಸಂಜೆ ನೀನು ಬರೋದು ಬೇಡ. ಇಡೀ ಕ್ರಾಕೋವಿನ ಎದುರಿಗೆ ನಮ್ಮ ಸ್ಕೂಲಿನ ಮರ್ಯಾದೆ ಹೋಗೋದು ನನಗೆ ಬೇಕಿಲ್ಲ."

"ಮೇಡಂ, ಅಜ್ಜಿ ಆಗಲೇ ದುಡ್ಡು ಕಟ್ಟಿದ್ದಾರೆ."

"ಸೋಮವಾರ ವಾಪಸ್ ಕೊಡ್ತೀನಿ. ಈಗ ಕೂತ್ಕೋ. ಅಂದಹಾಗೆ, ಯಾವುದರ ಮೇಲೆ ಕೂತ್ಕೋತೀಯ?"

ಮತ್ತೆ ನಗು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದಲ್ಲಿದ್ದ ಕೊರ್ನೆಲ್. ಅವನೂ ಕುರ್ಚಿ ತೂಗುವವನೇ.

ಸೆವೆರಿನ್‌ಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನೇ ಬಾಗಿಲನ್ನು ಒದ್ದ.

"ಬಾಗಿಲು ನಿನಗೇನು ಪಾಪ ಮಾಡಿತ್ತೋ?" ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಲಿದ್ಕಾ ಮೆಟ್ಟಿಲ ಮೇಲೆ ಕೂತು ಸೇಬು ಕಚ್ಚುತ್ತಿದ್ದಳು. ಅವಳು ಯೂನಿವರ್ಸಿಟಿಯಲ್ಲಿ ಓದುವವಳು. ಅಜ್ಜಿ ಇನ್ನೂ ಪೇಟೆ ಚೌಕದಲ್ಲಿ, ಎಳ್ಳು ಹಚ್ಚಿದ, ಬಳೆಯಾಕಾರದ ಬ್ರೆಡ್ಡು ಮಾರುವ ತನ್ನ ಗಾಡಿಯ ಹತ್ತಿರ ಇದ್ದಳು.

ಸೆವೆರಿನ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಲಿದ್ಕಾ ಅಯ್ಯೋ ಪಾಪ ಅನ್ನಲಿಲ್ಲ.

"ಸ್ಕೂಲ್ ಕಾರ್ಡ್ ಇದೆಯಾ? ಈ ವರ್ಷದ ಸೀಲ್ ಬಿದ್ದಿದೆಯಾ?"

"ಬಿದ್ದಿದೆ ಅಕ್ಕ. ಯಾಕೆ?"

"ಹಾಗಾದ್ರೆ ಹೋಗು. ನಾಟಕಕ್ಕೆ ಸ್ವಲ್ಪ ಮುಂಚೆ ಸ್ಟೂಡೆಂಟ್ಸಿಗೆ ಅಗ್ಗದ ಟಿಕೆಟ್ ಕೊಡ್ತಾರೆ. ಅದರಲ್ಲಿ ಸೀಟ್ ನಂಬರ್ ಇರಲ್ಲ. ಸುಮ್ನೆ ಗೋಡೆ ಪಕ್ಕ ನಿಂತಿರಬೇಕು. ಮೂರನೇ ಬೆಲ್ ಆಯ್ತು ಅಂದ್ರೆ ಖಾಲಿ ಇರೋ ಸೀಟಿಗೆ ಓಡು. ಸಿಗಲಿಲ್ವಾ, ಮೆಟ್ಟಿಲ ಮೇಲೆ ಕೂತ್ಕೋ."

"ಆಮೇಲೆ ಆ ಸೀಟಿನವರು ಬಂದ್ಬಿಟ್ರೆ?"

"ಮೂರನೇ ಬೆಲ್ ಆದಮೇಲೆ ಮಹಾರಾಜ ಬಂದ್ರೂ ಎಬ್ಬಿಸೋ ಹಾಗಿಲ್ಲ. ನಾಟಕ ಮುಗಿದ ತಕ್ಷಣ ಟ್ರಾಮ್ ಹತ್ತು. ಅಜ್ಜಿಗೆ ನಾನು ಹೇಳ್ತೀನಿ."

ಗ್ಲೌಸ್ ಕೊಳ್ಳಲು ಕೂಡಿಟ್ಟಿದ್ದ ಚಿಲ್ಲರೆಯನ್ನು ಸೆವೆರಿನ್ ಜೇಬಿಗೆ ಸುರಿದುಕೊಂಡ. ಅವನಿಗೆ ನಾಟಕ ಬೇಕಿರಲಿಲ್ಲ. ಎರಡು ಗಂಟೆ ಒಂಚೂರೂ ಅಲ್ಲಾಡದೆ ಕೂತು ತುರ್ಸ್ಕಾ ಮೇಡಂಗೆ ತೋರಿಸಬೇಕಿತ್ತು, ಅಷ್ಟೇ. ಆಮೇಲೆ, ಎಲ್ಲರಿಗೂ ಕೇಳುವಂತೆ, "ಸರ್ಕಸ್ ಹೇಗಿತ್ತು ಮೇಡಂ?" ಅನ್ನಬೇಕು. ಟ್ರಾಮಿನಲ್ಲಿ ಆ ಮಾತನ್ನು ಅವನು ತುಟಿಯಲ್ಲೇ ಮತ್ತೆ ಮತ್ತೆ ಹೇಳಿಕೊಂಡ. ಎದುರಿಗೆ ಕೂತಿದ್ದ ಅಜ್ಜ ತನಗೇ ಏನೋ ಹೇಳುತ್ತಿದ್ದಾನೆ ಅಂದುಕೊಂಡು ಕಿವಿ ಮುಂದೆ ತಂದ.

ಟಿಕೆಟ್ ಕಿಟಕಿಯ ಮುಂದಿನ ಸಾಲಿನಲ್ಲಿ ಇದ್ದವರೆಲ್ಲ ಕಾಲೇಜಿನ ದೊಡ್ಡವರು. ಕಿಟಕಿಯ ಹೆಂಗಸು ಅವನ ಕಾರ್ಡನ್ನು ತಿರುಗಿಸಿ ಸೀಲ್ ನೋಡಿದಳು.

"ಒಬ್ಬನೇ ಬಂದ್ಯಾ?"

"ಒಬ್ಬನೇ."

"ಮೆಟ್ಟಿಲ ಮೇಲೆ ಕೂರೋಕೆ ಬೇಜಾರಿಲ್ಲ ತಾನೇ?"

"ಇಲ್ಲ," ಅಂದ ಸೆವೆರಿನ್. ಅದೂ ಜಗಳವಾಡುವ ದನಿಯಲ್ಲೇ.

ಸಭಾಂಗಣದ ಬಾಗಿಲಲ್ಲಿ ಬಿಳಿ ಕಾಲರಿನ ಗಿಡ್ಡ ಹೆಂಗಸೊಬ್ಬಳು ಟಿಕೆಟ್ ನೋಡುತ್ತಿದ್ದಳು. ಅವಳು ಅವನ ಟಿಕೆಟ್ ನೋಡಲಿಲ್ಲ, ಜಾಕೆಟ್ ನೋಡಿದಳು.

"ಇದೇನಪ್ಪಾ ಇದು?"

"ಚಳಿ ಮೇಡಂ."

"ಚಳಿ ಹೊರಗಿತ್ತು. ಕೋಟು, ಜಾಕೆಟ್ ಯಾವುದೂ ಒಳಗೆ ಬರೋ ಹಾಗಿಲ್ಲ. ಕೆಳಗೆ ಕೊಟ್ಟು ಬಾ."

ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನಾಟಕಕ್ಕೆ ಹೋದರೆ ಕೋಟನ್ನು ಕೋಟುಕೋಣೆಯಲ್ಲಿ ಬಿಡಬೇಕು ಅನ್ನುವುದು ಆ ಊರಿನ ಪುಟ್ಟ ಮಗುವಿಗೂ ಗೊತ್ತು. ಕೋಪದಲ್ಲಿ ಮರೆತಿದ್ದ. ಜಾಕೆಟ್ಟಿನ ಒಳಗೆ ಅವನು ತೊಟ್ಟಿದ್ದದ್ದು ಗೋಲ್ ಕೀಪರಿನ ಹಳದಿ ಜೆರ್ಸಿ. ಮೊಣಕೈ ಹತ್ತಿರ ಕೆಸರು, ಕತ್ತಿನ ಹತ್ತಿರ ಹೊಲಿಗೆ ಬಿಚ್ಚಿತ್ತು.

ಜಾಕೆಟ್ ಕೊಟ್ಟು ಬರುವಷ್ಟರಲ್ಲಿ ಅವನ ಕ್ಲಾಸು ಬಂದಿತ್ತು. ಎಲ್ಲರೂ ಬಿಳಿ ಶರ್ಟು, ನೀಲಿ ಪ್ಯಾಂಟು. ಸೆವೆರಿನ್ ಕಂಬದ ಹಿಂದೆ ಸರಿದ.

ಮೊದಲ ಬೆಲ್ ಹೊಡೆಯಿತು. ಎರಡನೆಯದೂ ಹೊಡೆಯಿತು. ಗೋಡೆ ಪಕ್ಕ ನಿಂತ ಕಾಲೇಜಿನವರು ಬೆಕ್ಕುಗಳ ಹಾಗೆ ಖಾಲಿ ಸೀಟುಗಳನ್ನೇ ದಿಟ್ಟಿಸುತ್ತಿದ್ದರು. ಮೂರನೇ ಬೆಲ್ ಹೊಡೆದದ್ದೇ ತಡ, ಎಲ್ಲರೂ ಪುರ್ರೆಂದು ಹಾರಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಸೀಟೂ ಉಳಿಯಲಿಲ್ಲ.

"ಇನ್ನೊಂದಿದೆ ನೋಡು," ಬಿಳಿ ಕಾಲರಿನವಳು ಅವನ ಭುಜ ತಟ್ಟಿ ಕೈ ತೋರಿಸಿದಳು. "ಅಲ್ಲಿ, ಆ ಬಿಳಿ ಶರ್ಟುಗಳ ನಡುವೆ. ಓಡು."

ಅವಳು ತೋರಿಸಿದ್ದು ಅವನ ಕ್ಲಾಸಿನ ಸಾಲನ್ನು. ಈ ಕಡೆ ಕೊರ್ನೆಲ್, ಆ ಕಡೆ ತುರ್ಸ್ಕಾ ಮೇಡಂ. ನಡುವಿನ ಸೀಟಿನಲ್ಲಿ ಮೇಡಂ ಅವರ ಕರೀ ಬ್ಯಾಗು ಹಾಯಾಗಿ ಕೂತಿತ್ತು.

ಅದು ಅವನದೇ ಸೀಟು. ಅಜ್ಜಿ ದುಡ್ಡು ಕಟ್ಟಿದ್ದ ಸೀಟು.

ಅವನ ಕಾಲು ಮುಂದೆ ಹೋಗಲಿಲ್ಲ. ಮೆಟ್ಟಿಲು ಇಲ್ಲೇ ಇತ್ತು, ಕತ್ತಲೆಯಲ್ಲಿ ಯಾರೂ ನೋಡುವುದಿಲ್ಲ. ಆದರೆ ಯಾರೂ ನೋಡದಿದ್ದರೆ ಅಲ್ಲಾಡದೆ ಕೂತು ಏನು ಬಂತು? ಅವನು ಹಲ್ಲು ಕಚ್ಚಿಕೊಂಡು ಸಾಲಿನೊಳಗೆ ನುಗ್ಗಿದ.

"ಲೇ, ಸೆವೆರಿನ್ ಕಣ್ರೋ."

"ಗೋಲ್ ಕೀಪರ್ ಬಂದ. ಬಾಲ್ ಎಲ್ಲೋ?"

ತುರ್ಸ್ಕಾ ಮೇಡಂ ಬ್ಯಾಗಿನ ಮೇಲೆ ಕೈಯಿಟ್ಟರು. "ನೀನಾ? ಈ ವೇಷದಲ್ಲಿ? ಇಲ್ಲಿ ಜಾಗ ಇಲ್ಲ."

ಸೆವೆರಿನ್ ಟಿಕೆಟ್ ಮುಂದೆ ಹಿಡಿದ.

ಸಾಲಿನ ತುದಿಯಿಂದ ಬಿಳಿ ಕಾಲರಿನವಳು ಮೆಲ್ಲಗೆ, ಆದರೆ ಹಿಂದಿನವರಿಗೂ ಕೇಳುವಂತೆ ಹೇಳಿದಳು: "ಮೇಡಂ, ಮೂರನೇ ಬೆಲ್ ಆಯ್ತು. ಹುಡುಗನ ಹತ್ರ ಟಿಕೆಟ್ ಇದೆ. ನಿಮ್ಮ ಬ್ಯಾಗಿನ ಹತ್ರ ಇದೆಯಾ?"

ಹಿಂದೆ ಯಾರೋ ಕಿಸಕ್ಕೆಂದರು. ಬ್ಯಾಗು ಮೇಡಂ ಅವರ ತೊಡೆಗೆ ಏರಿತು. ದೀಪ ಆರಿತು.

ಸೆವೆರಿನ್ ಮೊಳೆ ಹೊಡೆದ ಹಾಗೆ ಕೂತ. ಕೈ ಅಲ್ಲಾಡಿಸಲಿಲ್ಲ, ಮೂಗು ತುರಿಸಿದರೂ ಮುಟ್ಟಿಕೊಳ್ಳಲಿಲ್ಲ. ನೋಡಿ, ನೋಡಿ, ಅಂತ ಮನಸ್ಸಿನಲ್ಲೇ ಅಂದುಕೊಂಡ. ಮೇಡಂ ನೋಡುತ್ತಿರಲಿಲ್ಲ. ತೊಡೆಯ ಮೇಲಿನ ಬ್ಯಾಗು ಜಾರದಂತೆ ಹಿಡಿಯುವುದರಲ್ಲೇ ಇದ್ದರು.

ರಂಗದ ಮೇಲೆ ಬರೀ ಹಲಗೆ, ಅರ್ಧ ದೋಣಿ, ಒಬ್ಬ ಮುದುಕ ಅಂಬಿಗ. ನದಿಗೆ ಹೊಸ ಸೇತುವೆ ಬಂದಿದೆ, ಇನ್ನು ದೋಣಿ ಯಾರಿಗೂ ಬೇಡ. ಆದರೂ ಅವನು ದಿನಾ ಖಾಲಿ ದೋಣಿ ನಡೆಸುತ್ತಾನೆ. ಹಲಗೆಯ ಮೇಲೆ ಹುಟ್ಟು ಹಾಕುವುದನ್ನು ನೋಡಿ ಸೆವೆರಿನ್‌ಗೆ ನಗು ಬಂತು. ಕೊರ್ನೆಲ್ ಚಾಕೊಲೇಟಿನ ಕಾಗದವನ್ನು ಪರಪರ ಅನ್ನಿಸಿದ.

ಸೇತುವೆಯ ಮೇಲಿಂದ ಜನ ಅಂಬಿಗನನ್ನು ಅಣಕಿಸಿದರು. ಹಣ್ಣಿನ ಸಿಪ್ಪೆ ಎಸೆದರು. ಒಂದು ರಾತ್ರಿ ಮಳೆ ಹುಚ್ಚೆದ್ದು ಸುರಿಯಿತು, ನೀರು ಏರಿತು, ಆ ಸೇತುವೆಯೇ ನಡುಗತೊಡಗಿತು. ಅಣಕಿಸಿದವರೇ ಅಲ್ಲಿ ನಿಂತು ಕೂಗುತ್ತಿದ್ದರು. ಮುದುಕ ಹುಟ್ಟು ಎತ್ತಿಕೊಂಡ.

ದೀಪ ಹತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸೆವೆರಿನ್‌ಗೆ ಗಾಬರಿಯಾಯಿತು. ಅವನ ಎರಡೂ ಮೊಣಕೈ ಮುಂದಿನ ಸೀಟಿನ ಬೆನ್ನ ಮೇಲಿದ್ದವು. ಜೆರ್ಸಿಯ ಕತ್ತನ್ನು ಕಚ್ಚಿ ಕಚ್ಚಿ ಒದ್ದೆ ಮಾಡಿದ್ದ. ಕಾಲು ಎರಡನ್ನೂ ಸೀಟಿನ ಮೇಲಕ್ಕೆ ಎತ್ತಿಕೊಂಡಿದ್ದ. ಯಾವಾಗ ಎತ್ತಿಕೊಂಡೆ? ನೀರು ಏರಿದಾಗ. ಶೂ ನೆನೆಯಬಾರದು ಅಂತ.

ಅಲ್ಲಾಡಬಾರದು ಅನ್ನುವುದೇ ಮರೆತುಹೋಗಿತ್ತು. ಪಕ್ಕದಲ್ಲಿ ತುರ್ಸ್ಕಾ ಮೇಡಂ ಇದ್ದಾರೆ ಅನ್ನುವುದೂ.

ಕೋಟುಕೋಣೆಯ ಮುಂದೆ ನೂಕುನುಗ್ಗಲು. ಸೆವೆರಿನ್‌ನ ಕೈಗೆ ಜಾಕೆಟ್ ಸಿಕ್ಕಿದ್ದೂ, ಹಿಂದಿನಿಂದ ಆ ದನಿ ಕೇಳಿದ್ದೂ ಒಂದೇ ಸಲ.

"ನೋಡಿದ್ರಾ ಮಕ್ಕಳೇ? ಸೆವೆರಿನ್ ಇವತ್ತು ಒಂಚೂರೂ ಅಲ್ಲಾಡಲಿಲ್ಲ. ಬೇಕು ಅಂದ್ರೆ ಆಗುತ್ತೆ ಇವನಿಗೆ. ನಾನು ಬೆಳಿಗ್ಗೆ ಬೈದದ್ದು ನಾಟಿತು ಅನ್ನಿ. ಅಲ್ವೇನೋ?"

ಎಲ್ಲರೂ ಅವನ ಕಡೆ ತಿರುಗಿದರು. ಕೊರ್ನೆಲ್ ಬಾಯಿ ತೆರೆದು ಕಾಯುತ್ತಿದ್ದ. ಸರ್ಕಸ್ಸಿನ ಮಾತು ಸೆವೆರಿನ್‌ನ ನಾಲಿಗೆ ತುದಿಯಲ್ಲೇ ಇತ್ತು, ಕೋಪವೂ ಇನ್ನೂ ಬಿಸಿಬಿಸಿಯಾಗಿಯೇ ಇತ್ತು.

ಅವನು ಮೇಡಂ ಅವರ ಶೂಗಳನ್ನು ನೋಡಿದ. ಕಪ್ಪಗೆ ಹೊಳೆಯುತ್ತಿದ್ದವು. ಅಷ್ಟೊಂದು ನೀರು ಬಂದು ಹೋಗಿತ್ತು, ಅವು ಒಂಚೂರೂ ನೆನೆದಿರಲಿಲ್ಲ.

ಸೆವೆರಿನ್ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡ. ಬಾಗಿಲು ತಳ್ಳಿಕೊಂಡು, ಚಳಿಯೊಳಗೆ, ಟ್ರಾಮಿನ ಕಡೆ ನಡೆದ.