ಕಿಟಕಿ ಸೀಟಿನ ದಸ್ತಿ

"ನಿಮ್ಮ ಕಡೆ ದೀಪ ಹತ್ತ್ಯಾವೇನ್ರಿ?"

"ಹತ್ತ್ಯಾವ್ರಿ ಮೇಡಂ. ನಾಲ್ಕೂ ಹಸಿರು."

"ನನ್ನ ಕಡೀನೂ ಹಸಿರ ಅದಾವ. ಮತ್ತ್ಯಾಕ ಒಂದಕ್ಕೊಂದು ಮಾತಾಡವಲ್ವು?"

ರ್‍ಯಾಕಿನ ಆ ಕಡೆ ಹಣಮೇಶ ಕುಳಿತಿದ್ದ. ಪರಿಮಳಾ ಕೇಬಲ್‌ಗಳ ಸಂದಿಯಿಂದ ಹಣಿಕಿ ನೋಡಿದಳು. ಅವನೂ ಅದೇ ಸಂದಿಯಿಂದ ನೋಡುತ್ತಿದ್ದ. ಇಬ್ಬರೂ ಒಮ್ಮೆಲೇ ಲ್ಯಾಪ್‌ಟಾಪಿಗೆ ತಲೆ ತಗ್ಗಿಸಿದರು.

ಯಾದಗಿರಿಯ ಆ ಕಣ್ಣಿನ ಆಸ್ಪತ್ರೆಗೆ ಹೊಸ ಬ್ಲೇಡ್ ಸರ್ವರ್ ಬಂದಿತ್ತು. ಒಂದೇ ಪೆಟ್ಟಿಗೆಯಲ್ಲಿ ಪುಸ್ತಕ ಜೋಡಿಸಿದ ಹಾಗೆ ಎಂಟು ಸರ್ವರು. ಬೆನ್ನಿಗೆ ಅವನ್ನೆಲ್ಲ ಹೊರಗಿನ ನೆಟ್‌ವರ್ಕಿಗೆ ಕೂಡಿಸುವ ಇಂಟರ್‌ಕನೆಕ್ಟ್. ಅದನ್ನು ಹೊಂದಿಸಲು ಕಂಪನಿ ಕಲಬುರಗಿಯಿಂದ ಪರಿಮಳಾಳನ್ನು ಕಳಿಸಿತ್ತು. ಇಂಟರ್‌ಕನೆಕ್ಟಿನ ಕಡೆ ಅವಳದು, ಆಸ್ಪತ್ರೆಯ ನೆಟ್‌ವರ್ಕ್ ಸ್ವಿಚ್ಚಿನ ಕಡೆ ಅಲ್ಲಿಯ ನೌಕರ ಹಣಮೇಶನದು. ನಡುವಿನ ನಾಲ್ಕು ಕೇಬಲ್ ಸೇರಿಸಿ ಒಂದೇ ದೊಡ್ಡ ದಾರಿ ಮಾಡಬೇಕು. ನಾಳೆ ಸೋಮವಾರ ಶಹಾಪುರ, ಸುರಪುರ ಶಾಖೆಗಳಿಗೆ ಪೊರೆ ಆಪರೇಷನ್‌ಗೆ ಬರುವ ಮುದುಕಿಯರ ಫೈಲೆಲ್ಲ ಓಡಬೇಕಾದ್ದು ಅದೇ ದಾರಿಯಲ್ಲಿ.

ಹನ್ನೊಂದು ವರ್ಷದ ಹಿಂದೆ ಇಬ್ಬರೂ ಮೊದಲ ಕೆಲಸಕ್ಕೆ ಸೇರಿದ್ದು ಇದೇ ಕೋಣೆಗೆ. ಆಗ 'ಮೇಡಂ' ಇರಲಿಲ್ಲ, 'ರಿ' ಇರಲಿಲ್ಲ. "ಏ ಪರಿಮಳಾ, ಆ ವಾಯರ್ ಜರಾ ಹಿಡಿ" ಅಷ್ಟೇ.

ಸಂಜೆ ಐದೂವರೆಗೆ ಸುರಪುರ ಬಸ್. ಅದು ನಿಲ್ಲುವ ಮೊದಲೇ ಹಣಮೇಶ ಓಡಿಹೋಗಿ, ಕಿಟಕಿಯಿಂದ ಬೆವರು ಒರೆಸುವ ತನ್ನ ನೀಲಿ ಚೌಕಳಿ ದಸ್ತಿ ಎಸೆದು ಸೀಟು ಹಿಡಿಯುತ್ತಿದ್ದ. ದಸ್ತಿ ಬಿದ್ದ ಸೀಟಿಗೆ ಯಾರೂ ಕೈ ಹಚ್ಚುವಂತಿಲ್ಲ. ಪರಿಮಳಾ ಕುಳಿತ ಮೇಲೆ, ಪಕ್ಕ ಜಾಗವಿದ್ದರೂ ತಾನು ಕಂಬಿ ಹಿಡಿದು ನಿಲ್ಲುತ್ತಿದ್ದ. ಅವಳ ಊರು ರಂಗಂಪೇಟೆಯ ಮಂದಿ ನೋಡಿ ಅವಳಿಗೊಂದು ಮಾತು ಬರಬಾರದಲ್ಲ. ಸುರಪುರ ಬಂದಾಗ ಅವಳು ದಸ್ತಿ ಮಡಚಿ ವಾಪಸ್ ಕೊಡುವಳು. ಅದರ ಸಾಬೂನಿನ ವಾಸನೆ ರಾತ್ರಿಯವರೆಗೂ ಅವಳ ಅಂಗೈಯಲ್ಲಿ ಉಳಿಯುತ್ತಿತ್ತು.

ಒಂದು ದಿನ ಭೀಮಾ ಹೊಳೆಯ ಸೇತುವೆ ಮೇಲೆ ಅವಳೇ ಅಂದಿದ್ದಳು: "ನಾಳಿ ನನ್ನ ನೋಡಾಕ ಕಲಬುರಗಿಯಿಂದ ಬರಾಕತ್ತ್ಯಾರ."

ಶಹಾಪುರ ಬರುವ ತನಕ ಅವನು ಹೊರಗೆ ನೋಡುತ್ತ ನಿಂತ. ಆಮೇಲೆ ಅಂದ: "ಛಲೋ ಆತು ಬಿಡು."

ಮದುವೆಯಾಯಿತು. ಗಂಡ ಒಳ್ಳೆಯವನೇ ಇದ್ದ. ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಮಗಳು ರೇವತಿ ಇವತ್ತು ರಂಗಂಪೇಟೆಯಲ್ಲಿ ಅಜ್ಜಿಯ ಹತ್ತಿರ ಇದ್ದಳು.

ಜವಾನ ರಾಜಾಸಾಬ ಚಹಾ ತಂದ. "ಮೇಡಂ, ಈ ಪೆಟಗಿ ಕೂಡ್ಲಿಲ್ಲಂದ್ರ ತಪ್ಪು ನಿಮ್ದಲ್ಲರಿ. ಹಣಮೇಶಪ್ಪಗ ಕೂಡಿಸೋ ಕೆಲಸನ ಬರಂಗಿಲ್ಲ. ಅವರವ್ವ ಹದಿನಾಲ್ಕು ಕನ್ಯಾ ತೋರಿಸ್ಯಾಳ, ಒಂದೂ ಕೂಡ್ಲಿಲ್ಲ!"

"ರಾಜಾಸಾಬ್, ಚಾ ಇಟ್ಟು ನಡಿ," ಹಣಮೇಶ ಗದರಿದ.

"ನಡೀತೀನಪ್ಪ. ಕೂದ್ಲ ಬೆಳ್ಳಗಾದ್ರೂ ಸಿಟ್ಟ ಮಾತ್ರ ಇಪ್ಪತ್ತರದ."

ಪರಿಮಳಾಳ ಕಪ್ಪಿನಲ್ಲಿ ಚಹಾ ತುಳುಕಿತು. ಅವಳು ಅದನ್ನು ಒರೆಸಿ ಕೆಲಸಕ್ಕೆ ತಿರುಗಿದಳು. "ನಿಮ್ಮ ಪೋರ್ಟ್ ಹೆಂಗ ಇಟ್ಟೀರಿ?"

"ಪ್ಯಾಸಿವ್‌ರಿ. ಆ ಕಡೆಯಿಂದ ಕೇಳಿದ್ರ ಹೂಂ ಅಂತದ. ತಾನಾಗಿ ಕೇಳಂಗಿಲ್ಲ."

ಅವಳು ತನ್ನ ಪರದೆ ನೋಡಿದಳು. ಅಲ್ಲಿಯೂ ಪ್ಯಾಸಿವ್.

"ಅಯ್ಯ! ನಾನೂ ಹಂಗ ಇಟ್ಟೀನಿ. ಆಸ್ಪತ್ರಿ ನಿಮ್ದು, ಮೊದಲ ನೀವು ಮಾತಾಡ್ಲಿ ಅಂತ."

"ನೀವು ದೊಡ್ಡ ಕಂಪನಿಯವ್ರು, ಮೊದಲ ನೀವು ಅಂತ ನಾ ಬಿಟ್ಟೇನ್ರಿ."

ಎರಡೂ ತುದಿ ಕಾಯುತ್ತ ಕುಳಿತರೆ ದೀಪ ನೂರು ವರ್ಷ ಉರಿದರೂ ದಾರಿ ತೆರೆಯುವುದಿಲ್ಲ. ಇದಕ್ಕೆ ಎರಡೂವರೆ ತಾಸು ಹೋಗಿತ್ತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ, ಯಾಕೋ, ನಗು ಒಮ್ಮೆಲೇ ನಿಂತಿತು.

"ಯಾರು ಬದ್ಲ ಮಾಡೂದು?" ಹಣಮೇಶ ಕೇಳಿದ.

"ನೀವು ಹೇಳ್ರಿ."

"ನೀವ ಹೇಳ್ರಿ."

"ನೋಡ್ರಿ, ಮತ್ತ ಅದ!" ಅಂದಳು ಪರಿಮಳಾ. "ಬಿಡ್ರಿ, ಈ ಸಲ ನಾನ ಮಾಡ್ತೀನಿ."

ತನ್ನ ಪೋರ್ಟನ್ನು ಆ್ಯಕ್ಟಿವ್ ಮಾಡಿ, ತಾನೇ ಮೊದಲು ಕೇಳುವಂತೆ ಇಟ್ಟು, ಎಂಟರ್ ಒತ್ತಿದಳು. ಒಂದು, ಎರಡು, ಮೂರು. ದಾರಿ ಕೂಡಿತು. ಶಹಾಪುರ ಹೂಂ ಅಂತು, ಸುರಪುರ ಹೂಂ ಅಂತು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಇವತ್ತು ಸುಮ್ಮನಿದ್ದರೆ ಮತ್ತೆ ಈ ಕೋಣೆಗೆ ಬರುವ ಕೆಲಸವಿಲ್ಲ.

"ಹಣಮೇಶ," ಅಂದಳು. "ಅವತ್ತ ಬಸ್ಸಿನ್ಯಾಗ ಛಲೋ ಆತು ಅಂತ ಯಾಕ ಅಂದಿ?"

ಅವನು ಕೈಯಲ್ಲಿದ್ದ ಕೇಬಲ್ ಕೆಳಗಿಟ್ಟ. "ನಿನ್ನ ಬಾಯಿಂದ ಒಲ್ಲೆ ಅಂತ ಬರ್ತದಂತ ಕಾದೆ."

"ನೀ ಬ್ಯಾಡ ಅನ್ಲಿ ಅಂತ ನಾ ಶಹಾಪುರ ತನಕ ಕಾದೆ."

"ನಾ ಸುರಪುರ ತನಕ ಕಾದೆ." ತಡೆದು ಅಂದ, "ನೀ ಇಳದ ಮ್ಯಾಲೂ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗ ಮಗಳದಾಳ."

"ರೇವತಿ. ಒಂಬತ್ತು ವರ್ಷ. ಗಣಿತ ಅಂದ್ರ ಆಗಂಗಿಲ್ಲ."

"ಯಾರು ಹೇಳಿದ್ರು?"

"ನಿಮ್ಮವ್ವ. ಸುರಪುರ ಸಂತ್ಯಾಗ ಸಿಕ್ಕಾಗೆಲ್ಲ ಕೇಳ್ತೀನಿ."

"ಹಂಗಿದ್ರ ನಾ ಈಗ ಕೇಳಾಕತ್ತೀನಿ, ನೋಡು. ನನ್ನ ಜೋಡಿ, ರೇವತಿ ಜೋಡಿ ಇರ್ತಿ ಏನು?"

"ಹೂಂ." ಅವಳು ಮಾತು ಮುಗಿಸುವ ಮೊದಲೇ ಬಂದಿತ್ತು ಅದು.

ಐದೂವರೆ ಬಸ್ಸಿಗೆ ಈ ಸಲ ಓಡಿದವಳು ಪರಿಮಳಾ. ಕಿಟಕಿಯಿಂದ ಎಸೆಯಲು ಸಿಕ್ಕಿದ್ದು ಬ್ಯಾಗಿನಲ್ಲಿದ್ದ ರೇವತಿಯ ದಸ್ತಿ. ಮೊಲದ ಚಿತ್ರದ, ಇಂಕಿನ ಕಲೆಯ ಗುಲಾಬಿ ದಸ್ತಿ. ಹಣಮೇಶ ಹತ್ತಿದವನೇ ರೂಢಿಯಂತೆ ಕಂಬಿಗೆ ಕೈ ಹಾಕಿದ.

"ಕಂಬಿ ಬಿಡು. ಕೂಡು."

ಕುಳಿತ. ಸೇತುವೆ ದಾಟುವಾಗ ಮೆಲ್ಲಗೆ ಅಂದ, "ರೇವತಿ ಬಂದ್ರ ಕಿಟಕಿ ಅಕಿಗಿರ್ಲಿ. ನಾ ನಿಲ್ತೀನಿ."

"ನಿಂತಿ ಅಂದ್ರ ನೋಡು!"

ಸುರಪುರ ಬಂತು. ಅವನು ತನ್ನ ಊರು ದೇವಾಪುರದ ಆಟೋ ಕಡೆ ತಿರುಗಲಿಲ್ಲ. ಅವಳ ಜೊತೆ ರಂಗಂಪೇಟೆಯ ದಾರಿ ಹಿಡಿದ. ಮೊಲದ ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಅವಳು ವಾಪಸ್ ಕೇಳಲಿಲ್ಲ.