ಚೂರಾದ ಕೊನೆಯ ಪ್ಯಾರಾ

ತಂಗಿ ಬೆಳಿಗ್ಗೆಯಿಂದ ಕಾಣೆಯಾಗಿದ್ದಳು. ಅವಳ ಕಂಪ್ಯೂಟರ್ ತೆರೆದೇ ಇತ್ತು. ಪರದೆಯ ಮೇಲಿದ್ದದ್ದು ಕಾನೂನು ಕಾಲೇಜಿನ ಅರ್ಜಿಗೆಂದು ಅವಳು ತನ್ನ ಬಗ್ಗೆ ತಾನೇ ಬರೆದ ಒಂದು ಪುಟ. ಕೊನೆಯ ಪ್ಯಾರಾ ಓದಿದ್ದೇ ಅಕ್ಕ ಪೊಲೀಸರನ್ನು ಕರೆಸಿದಳು.

'ಈ ಓದು ನನಗೆ ಬೇಡ. ನಾನಾಗಿಯೇ ಮನೆ ಬಿಟ್ಟು ಹೋಗುತ್ತಿದ್ದೇನೆ. ನನ್ನನ್ನು ಹುಡುಕುವ ಶ್ರಮ ಯಾರೂ ತೆಗೆದುಕೊಳ್ಳಬೇಡಿ.'

"ನಿನ್ನೆ ಈ ಪ್ಯಾರಾ ಇತ್ತಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಗೊತ್ತಿಲ್ಲ. ಮುಗಿದ್ಮೇಲೆ ತೋರಿಸ್ತೀನಿ ಅಂದಿದ್ಲು."

"ಆ ಟ್ಯೂಷನ್ ಮೇಷ್ಟ್ರನ್ನ ವಿಚಾರಿಸಿ ಮೇಡಂ," ಎಂದರು ಚಿಕ್ಕಪ್ಪ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಅವರೇ ಹಿರಿಯರು. "ಮೊನ್ನೆ ಹುಡುಗೀನ ಅಳಿಸಿ ಕಳಿಸಿದಾನೆ."

ದೂರನ್ನೂ ಅವರೇ ಅಲ್ಲೇ ಕೂತು ಟೈಪ್ ಮಾಡಿಕೊಟ್ಟರು. ಟೈಪಿಂಗ್ ಶಾಲೆ ನಡೆಸಿ ಪಳಗಿದ ಕೈ. ಟಕಟಕ ಸದ್ದು, ಪ್ರತಿ ಸಾಲಿನ ಕೊನೆಗೊಂದು ಜೋರು ಏಟು.

* * *

ಮೇಷ್ಟ್ರು ಫೋನಿನಲ್ಲೇ ತೊದಲಿದರು. "ಬೈದಿದ್ದು ನಿಜ. ಅದೂ ಹಾಳೆಯ ಅಂಚಿಗೋಸ್ಕರ. ಒಂದಿಂಚು ಬಿಡ್ಬೇಕು ಅಂತ ಕಾಲೇಜಿನ ನಿಯಮ. ಅವಳು ಅರ್ಧ ಬಿಟ್ಟಿದ್ಲು. ಇವತ್ತು ಸರಿ ಮಾಡ್ತೀನಿ ಅಂದಿದ್ಲು."

ಇನ್ಸ್‌ಪೆಕ್ಟರಮ್ಮ ಮೇಷ್ಟ್ರ ಮನೆಗೆ ಹೊರಟರು. ಅಕ್ಕನಿಗೆ ಸುಮ್ಮನೆ ಕೂರಲಾಗಲಿಲ್ಲ. ತಂಗಿ ಬಂದೇ ಬರುತ್ತಾಳೆ, ಸಂಜೆಯ ಗಡುವಿಗೆ ಪುಟವಾದರೂ ಸಿದ್ಧವಿರಲಿ ಎಂದು ಅಂಚನ್ನು ಒಂದಿಂಚಿಗೆ ಸರಿಸಿದಳು.

ಮೇಲಿನ ಪ್ಯಾರಾಗಳು ಹೊಸ ಅಂಚಿಗೆ ಹೊಂದಿಕೊಂಡು ಕೂತವು. ಕೊನೆಯದು ಮಾತ್ರ ಚೂರುಚೂರಾಯಿತು. ಒಂದು ಉದ್ದ ಸಾಲು, ಕೆಳಗೊಂದು ಒಂಟಿ ಪದ. ಮತ್ತೆ ಉದ್ದ ಸಾಲು, ಮತ್ತೆ ಒಂಟಿ ಪದ. ಯಾರೋ ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿದ್ದರು.

ಆ ಜೋರು ಏಟು ಅವಳಿಗೆ ಮತ್ತೆ ಕೇಳಿಸಿದಂತಾಯಿತು.

"ಏನಮ್ಮಾ ನೋಡ್ತಿದ್ದೀಯ?" ಹೆಗಲ ಮೇಲೆ ಚಿಕ್ಕಪ್ಪನ ಕೈ.

"ಏನಿಲ್ಲ. ಅಂಚು ಸರಿ ಮಾಡ್ತಿದ್ದೆ." ಇಷ್ಟು ಭಯ ಅವಳು ಹಿಂದೆಂದೂ ಪಟ್ಟಿರಲಿಲ್ಲ.

"ಹೋದೋಳಿಗೆ ಇನ್ನು ಅಂಚ್ಯಾಕೆ? ಆರಿಸು."

ಆರಿಸಿದಳು. ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದಳು. ಚಿಲಕ ಹಾಕಿ, ನಲ್ಲಿ ಬಿಟ್ಟು, ಫೋನಿಗೆ ಪಿಸುಗುಟ್ಟಿದಳು. "ಮೇಡಂ, ಆ ಪ್ಯಾರಾ ಚಿಕ್ಕಪ್ಪ ಟೈಪ್ ಮಾಡಿದ್ದು, ಸಾಲುಸಾಲಿಗೂ ಎಂಟರ್ ಒತ್ತಿದಾರೆ. ಅವರ ಮುಚ್ಚಿದ ಟೈಪಿಂಗ್ ಶಾಲೆ ನೋಡಿ. ಅದರ ಕೀಲಿ ಇರೋದು ಚಿಕ್ಕಪ್ಪನ ಹತ್ರ ಮಾತ್ರ."

* * *

ಬೀಗ ಒಡೆದಾಗ, ಹೊದಿಕೆ ಹಾಕಿದ ಟೈಪ್‌ರೈಟರ್‌ಗಳ ಹಿಂದೆ ತಂಗಿ ಕಟ್ಟಿಹಾಕಿಸಿಕೊಂಡು ಬಿದ್ದಿದ್ದಳು. ಉಸಿರಾಡುತ್ತಿದ್ದಳು.

"ಹಳೇ ಯಂತ್ರದಲ್ಲಿ ಪ್ರತಿ ಸಾಲನ್ನೂ ನಾವೇ ತಿರುಗಿಸ್ಬೇಕು," ಎಂದರು ಇನ್ಸ್‌ಪೆಕ್ಟರಮ್ಮ, ಕೋಳ ತೊಡಿಸಿದ ಚಿಕ್ಕಪ್ಪನಿಗೆ. "ಕಂಪ್ಯೂಟರ್ ತಾನೇ ತಿರುಗಿಸ್ಕೊಳ್ಳುತ್ತೆ. ನಿಮ್ಮ ಬೆರಳಿಗೆ ಅದಿನ್ನೂ ಗೊತ್ತಿಲ್ಲ. ನೀವೇ ಟೈಪ್ ಮಾಡಿದ ದೂರಿನಲ್ಲೂ ಇದೇ ಕಥೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಗಡುವು ಮುಗೀತಾ ಅಕ್ಕಾ?" ತಂಗಿಯ ಮೊದಲ ಮಾತು ಅದು.

"ಇನ್ನೂ ಟೈಮಿದೆ."

ತಂಗಿಯ ಬೆರಳುಗಳಿಗೆ ಜೋಮು ಹಿಡಿದಿತ್ತು. ಹಾಗಾಗಿ ಚಿಕ್ಕಪ್ಪ ಕದ್ದು ಓದಿ ಅಳಿಸಿಹಾಕಿದ್ದ ಪ್ಯಾರಾವನ್ನು ಅವಳು ಹೇಳಿದಳು, ಅಕ್ಕ ಟೈಪ್ ಮಾಡಿದಳು. 'ಅಪ್ಪನ ಸಹಿಯನ್ನು ನಕಲು ಮಾಡಿ ಚಿಕ್ಕಪ್ಪ ನಮ್ಮ ಮನೆಯನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಾನೆ. ನಾನು ಕಾನೂನು ಓದಬೇಕೆಂದಿರುವುದು ಅದಕ್ಕೇ.'

ಸಾಲಿನ ಕೊನೆ ಬಂದಾಗ ಅಕ್ಕನ ಬೆರಳು ಹೆದರಿ ನಿಂತಿತು. ಸಾಲು ತಾನಾಗಿಯೇ ಕೆಳಗಿಳಿಯಿತು.